ಕೊಡಗಿನ ಕೋವಿ, ನಮ್ಮ ಕೋವಿ

ಮುಸುಕಿನ ಜೋಳಕ್ಕೆ ಹಂದಿ ನುಗ್ಗಿದಾಗಲೆಲ್ಲ ನಮ್ಮ ಕಡೆ ಒಂದೇ ಮಾತು: "ಕೊಡಗಿನೋರಿಗೆ ಕೋವಿ ಉಂಟು, ನಮಗ್ಯಾಕಿಲ್ಲ?" ಕೇಳೋದು ನ್ಯಾಯವೇ. ಹಿಂದಿನ ಕಥೆ ಗೊತ್ತಿದ್ರೆ ಇನ್ನೂ ಗಟ್ಟಿಯಾಗಿ ಕೇಳಬಹುದು.

1857ರ ದಂಗೆ ಆದಮೇಲೆ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ಕೊಳ್ಳೋ ಕಾನೂನು ತಂದರು. ಕೊಡವರಿಗೆ ಮಾತ್ರ 1861ರಲ್ಲಿ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟ. ಬೆಳೆ ಕಾಯ್ತಾರೆ ಅಂತಲ್ಲ, ತಮ್ಮ ಪರ ನಿಂತಿದ್ರು ಅಂತ. ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿ ಈಗ 2029ರವರೆಗೆ ಇದೆ. 2021ರಲ್ಲಿ ಹೈಕೋರ್ಟೂ ಎತ್ತಿಹಿಡೀತು. ಅಲ್ಲಿ ಕೈಲ್‌ಮುಹೂರ್ತಕ್ಕೆ ಕೋವಿ ಪೂಜೆ, ಗಂಡುಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು. ಮನೆಮನೇಲಿ ಕೋವಿ ಇದ್ರೂ ಊರು ಊರೇ ಹೊಡೆದಾಡ್ಕೊಂಡಿಲ್ಲ. ಇದನ್ನ ಒಪ್ಪಲೇಬೇಕು.

ನಮ್ಮ ಸೀಮೆಗೆ ಬಂದ ಕೋವಿ ಬೇರೆ ಥರದ್ದು. 1992ರ ಮೇ ತಿಂಗಳಲ್ಲಿ ವೀರಪ್ಪನ್ ಗುಂಪು ಪಕ್ಕದ ರಾಮಾಪುರ ಠಾಣೆಗೇ ನುಗ್ಗಿ ಐದು ಜನ ಪೊಲೀಸರನ್ನ ಕೊಂದು ಬಂದೂಕು ಹೊತ್ಕೊಂಡು ಹೋಯ್ತು. ಆಗಸ್ಟ್‌ನಲ್ಲಿ ಮೀಣ್ಯಂ ಹತ್ರ ಎಸ್ಪಿ ಹರಿಕೃಷ್ಣ, ಎಸ್ಸೈ ಶಕೀಲ್ ಅಹಮದ್ ಹೋದ್ರು. ಠಾಣೆ ಬಂದೂಕೇ ಉಳೀಲಿಲ್ಲ ಅಂದಮೇಲೆ ಕಾಡಂಚಿನ ಒಂಟಿಮನೆ ಕೋವಿ ಉಳೀತಿತ್ತಾ? ಕೋವಿಗೋಸ್ಕರವೇ ರಾತ್ರಿ ಬಾಗಿಲು ಬಡೀತಿದ್ರು. ಇನ್ನು ಆಚೆ ಕಡೆ ಎಸ್‌ಟಿಎಫ್. ಅವರ ಮೇಲಿನ ದೂರುಗಳನ್ನ ಸದಾಶಿವ ಸಮಿತಿ ವಿಚಾರಿಸಿ, 2007ರಲ್ಲಿ ಮಾನವ ಹಕ್ಕುಗಳ ಆಯೋಗ ಪರಿಹಾರ ಕೊಡಿ ಅಂತು. ಸರ್ಕಾರಿ ಬಂದೂಕು ಹಿಡಿದವರನ್ನೂ ಕಣ್ಮುಚ್ಚಿ ನಂಬೋಕಾಗಲ್ಲ ಅಂತ ನಮಗೆ ಗೊತ್ತಾದದ್ದು ಹೀಗೆ.

ವೀರಪ್ಪನ್ ಸತ್ತಿದ್ದು 2004ರಲ್ಲಿ. ಇವತ್ತಿಗೂ ಈ ಕಡೆಯವನು ಕೋವಿ ಅಂದ್ರೆ ಎದುರಿಗಿರೋರ ಮುಖ ಬದಲಾಗುತ್ತೆ. ಆದ್ರೆ 1959ರ ಆಯುಧ ಕಾಯ್ದೆಯ 13ನೇ ಕಲಮಿನಲ್ಲಿ ಬೆಳೆ ಕಾಯೋಕೆ ಮದ್ದು ತುಂಬೋ ನಾಡಕೋವಿಗೆ ಲೈಸೆನ್ಸ್ ಕೊಡಬಹುದು ಅಂತಲೇ ಇದೆ. ಕೊಡಗಿಗೊಂದು, ಹನೂರಿಗೊಂದು ಅಂತ ಅದರಲ್ಲಿಲ್ಲ.

ಹಂಗಂತ ಕೇಳಿದೋರಿಗೆಲ್ಲ ಕೊಡಿ ಅಂತ ನಾನು ಹೇಳಲ್ಲ. ಬದುವಿನ ಜಗಳ ಎಷ್ಟು ಮನೇಲಿದೆ, ಸಂಜೆ ಆದ್ರೆ ಯಾರ ಕಾಲು ನೆಲದ ಮೇಲೆ ನಿಲ್ಲಲ್ಲ, ಬೇಟೆ ಮಾಂಸ ಯಾರ ಮನೇಲಿ ಬೇಯುತ್ತೆ, ಎಲ್ಲಾ ಊರಿಗೆ ಗೊತ್ತು. ಕುಲ ನೋಡಿ ನಂಬೋದೂ ಬೇಡ, ಊರು ನೋಡಿ ಅನುಮಾನಿಸೋದೂ ಬೇಡ, ಆ ಮನುಷ್ಯನನ್ನ ನೋಡಿ ಅಂತ ಕೇಳೋಣ. ಲೈಸೆನ್ಸ್ ಸಿಕ್ಕರೂ 1972ರ ವನ್ಯಜೀವಿ ಕಾಯ್ದೆ ಹಂಗೇ ಇರುತ್ತೆ: ಆನೆ, ಜಿಂಕೆಗೆ ಗುರಿ ಇಡಂಗಿಲ್ಲ, ಸದ್ದು ಮಾಡಿ ಓಡಿಸಬೇಕು ಅಷ್ಟೆ. ಅರ್ಜಿ ಬರೆಯೋ ಮುಂಚೆ ಕೋವಿ ಎಲ್ಲಿಡೋದು, ಮದ್ದು ಎಲ್ಲಿಡೋದು, ಬೀಗದ ಕೈ ಯಾರ ಹತ್ರ ಅಂತ ಮನೆಯೋರ ಜೊತೆ ಕೂತು ಮಾತಾಡಿ.