ಪ್ಲೈವುಡ್ ಕಾರ್ಖಾನೆಯಲ್ಲಿ ಹುಟ್ಟಿದ ಲೆಕ್ಕ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೇಳಿದ ಗುರುಗಳು, "ಶಾಲೆಯ ನೆನಪು ಬರೆಯುವವರು ಬಹಳ ಜನ ಇದ್ದಾರೆ, ನೀನು ನಿನ್ನ ಕೆಲಸದ ಬಗ್ಗೆ ಬರೆ" ಎಂದರು. ಬೆಂಗಳೂರಿನಲ್ಲಿ ನಾನು ಬರೆಯುವುದು ಸಾಮಾನು ಸಾಗಿಸುವ ವಾಹನಗಳಿಗೆ ದಿನದ ಯೋಜನೆ ಹಾಕಿಕೊಡುವ ತಂತ್ರಾಂಶ. ಯಾವ ಗಾಡಿ ಯಾವ ದಾರಿಗೆ, ಯಾವ ಚಾಲಕ ಯಾವ ಪಾಳಿಗೆ ಎಂದು ಕಡಿಮೆ ಖರ್ಚಿನಲ್ಲಿ ಹೊಂದಿಸುವ ಕೆಲಸ ಅದು. ಇದರ ಹಿಂದಿರುವ ಗಣಿತ, ಕಂಪ್ಯೂಟರ್ ಬಳಕೆಗೆ ಬರುವ ಮೊದಲೇ ಹುಟ್ಟಿದ್ದು. ಅದನ್ನು ಕಂಡುಹಿಡಿದ ಮನುಷ್ಯ ಇಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡಿರಬೇಕಾಯಿತು. ಆ ಇತಿಹಾಸವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಏನೆಂದು ತಿಳಿಯಬೇಕು. ಒಬ್ಬ ಬಡಗಿಯ ಹತ್ತಿರ 24 ಹಲಗೆಗಳಿವೆ, 18 ದಿನಗಳ ಸಮಯವಿದೆ. ಒಂದು ಬೆಂಚಿಗೆ 2 ಹಲಗೆ, 1 ದಿನ ಬೇಕು. ಒಂದು ಮೇಜಿಗೆ 3 ಹಲಗೆ, 3 ದಿನ ಬೇಕು. ಬೆಂಚಿಗೆ 300 ರೂಪಾಯಿ ಲಾಭ, ಮೇಜಿಗೆ 600. ಬರೀ ಬೆಂಚು ಮಾಡಿದರೆ 12 ಬೆಂಚು, 3,600 ರೂಪಾಯಿ. ಬರೀ ಮೇಜು ಮಾಡಿದರೆ 6 ಮೇಜು, ಅದೂ 3,600 ರೂಪಾಯಿಯೇ. ಆದರೆ 6 ಬೆಂಚು, 4 ಮೇಜು ಮಾಡಿದರೆ ಹಲಗೆಯೂ ಮುಗಿಯುತ್ತದೆ, ದಿನಗಳೂ ಮುಗಿಯುತ್ತವೆ, ಕೈಗೆ 4,200 ಸಿಗುತ್ತದೆ. ಹತ್ತನೇ ತರಗತಿಯಲ್ಲಿ ಎರಡು ಚರಾಕ್ಷರಗಳ ಸಮೀಕರಣಗಳಿಗೆ ಗ್ರಾಫ್ ಎಳೆದವರಿಗೆ ಇದು ಹೊಸದಲ್ಲ. ಎರಡು ಸರಳರೇಖೆಗಳು ಒಂದನ್ನೊಂದು ಕತ್ತರಿಸುವ ಬಿಂದುವೇ ಉತ್ತರ.

ಎರಡು ವಸ್ತುಗಳಾದರೆ ಗ್ರಾಫ್ ಹಾಳೆ ಸಾಕು. 1938ರಲ್ಲಿ ಸೋವಿಯತ್ ರಷ್ಯಾದ ಲೆನಿನ್‌ಗ್ರಾಡ್ ನಗರದ ಪ್ಲೈವುಡ್ ಉದ್ಯಮದವರು ವಿಶ್ವವಿದ್ಯಾಲಯಕ್ಕೆ ತಂದ ಪ್ರಶ್ನೆಗೆ ಅದು ಸಾಲುತ್ತಿರಲಿಲ್ಲ. ಮರದ ದಿಮ್ಮಿಯನ್ನು ತೆಳು ಹಾಳೆಯಾಗಿ ಸುಲಿಯುವ ಎಂಟು ಯಂತ್ರಗಳು, ಐದು ಬಗೆಯ ಮರ. ಒಂದೊಂದು ಯಂತ್ರಕ್ಕೆ ಒಂದೊಂದು ಮರದಲ್ಲಿ ಬೇರೆ ಬೇರೆ ವೇಗ. ಯಾವ ಯಂತ್ರಕ್ಕೆ ಯಾವ ಮರ ಎಷ್ಟು ಹೊತ್ತು ಕೊಟ್ಟರೆ ಒಟ್ಟು ಉತ್ಪಾದನೆ ಅತಿ ಹೆಚ್ಚಾದೀತು?

ಪ್ರಶ್ನೆ ಹೋದದ್ದು ಲಿಯೊನಿಡ್ ಕಾಂಟೊರೊವಿಚ್ ಅವರ ಬಳಿಗೆ. 1912ರಲ್ಲಿ ಹುಟ್ಟಿದ ಅವರು 14ನೇ ವಯಸ್ಸಿಗೆ ವಿಶ್ವವಿದ್ಯಾಲಯ ಸೇರಿ, 18ಕ್ಕೆ ಪದವಿ ಮುಗಿಸಿ, 22ಕ್ಕೆ ಪ್ರಾಧ್ಯಾಪಕರಾಗಿದ್ದವರು. ಶುದ್ಧ ಗಣಿತದ ಪಂಡಿತರು. ಕಾರ್ಖಾನೆಯ ಪ್ರಶ್ನೆಯನ್ನು ಅವರು ಹಗುರವಾಗಿ ಕಾಣಲಿಲ್ಲ, ಅದು ಅವರ ದೊಡ್ಡತನ. ಬಿತ್ತನೆಗೆ ಭೂಮಿ ಹಂಚುವುದು, ತಗಡು ಕತ್ತರಿಸುವುದು, ರೈಲಿನಲ್ಲಿ ಸಾಮಾನು ಸಾಗಿಸುವುದು, ಎಲ್ಲವೂ ಗಣಿತದಲ್ಲಿ ಇದೇ ರೂಪದ ಪ್ರಶ್ನೆಗಳೆಂದು ಅವರಿಗೆ ಹೊಳೆಯಿತು. 1939ರಲ್ಲಿ ಉತ್ಪಾದನೆಯ ಸಂಘಟನೆ ಮತ್ತು ಯೋಜನೆಯ ಗಣಿತ ವಿಧಾನಗಳ ಬಗ್ಗೆ ಒಂದು ಸಣ್ಣ ಪುಸ್ತಕ ಪ್ರಕಟಿಸಿದರು.

ತೊಂದರೆ ಶುರುವಾದದ್ದು ಇಲ್ಲಿಂದ. ನಮ್ಮ ಬಡಗಿಗೆ ಇನ್ನೊಂದು ಹಲಗೆ ಸಿಕ್ಕರೆ ಲಾಭ ಎಷ್ಟು ಹೆಚ್ಚುತ್ತದೆ? ಲೆಕ್ಕ ಹಾಕಿದರೆ 100 ರೂಪಾಯಿ. ಇನ್ನೊಂದು ದಿನ ಸಿಕ್ಕರೆ? ಅದಕ್ಕೂ 100. ಈಗ 24 ಹಲಗೆಗೆ ನೂರರಂತೆ 2,400, 18 ದಿನಕ್ಕೆ ನೂರರಂತೆ 1,800, ಕೂಡಿಸಿದರೆ ಸರಿಯಾಗಿ 4,200. ಅಂದರೆ ಒಳ್ಳೆಯ ಯೋಜನೆಯ ಒಳಗೇ ಪ್ರತಿಯೊಂದು ವಸ್ತುವಿಗೂ ಒಂದು ಬೆಲೆ ಅಡಗಿರುತ್ತದೆ. ಅದು ಮಾರುಕಟ್ಟೆಯಲ್ಲಿ ಕೂಗಿದ ಬೆಲೆಯೂ ಅಲ್ಲ, ಸರ್ಕಾರ ನಿಗದಿ ಮಾಡಿದ ಬೆಲೆಯೂ ಅಲ್ಲ. ಆ ವಸ್ತು ಎಷ್ಟು ಕೊರತೆಯಲ್ಲಿದೆ ಎಂಬುದನ್ನು ಅದು ಹೇಳುತ್ತದೆ.

ಸ್ಟಾಲಿನ್ ಆಡಳಿತದಲ್ಲಿ ಇದು ಹೇಳಬಾರದ ಮಾತು. ವಸ್ತುವಿನ ಮೌಲ್ಯ ಬರುವುದು ಅದಕ್ಕೆ ಹಿಡಿದ ದುಡಿಮೆಯಿಂದ ಎಂಬುದು ಮಾರ್ಕ್ಸ್ ಅವರ ಸಿದ್ಧಾಂತ. ಕೊರತೆಯಿಂದ ಬೆಲೆ ಎನ್ನುವುದು ಬಂಡವಾಳಶಾಹಿ ಅರ್ಥಶಾಸ್ತ್ರಜ್ಞರ ಭಾಷೆಯಂತೆ ಕೇಳಿಸುತ್ತಿತ್ತು. ಸಣ್ಣ ಆಪಾದನೆಗೂ ಜನ ಜೈಲು ಸೇರುತ್ತಿದ್ದ ದಿನಗಳವು. ಯುದ್ಧದ ನಡುವೆ, 1942ರಲ್ಲಿ, ಇಡೀ ದೇಶದ ಸಂಪನ್ಮೂಲಗಳನ್ನು ಈ ರೀತಿ ಬಳಸುವ ಬಗ್ಗೆ ಅವರು ದೊಡ್ಡ ಪುಸ್ತಕ ಬರೆದರು. ಯೋಜನಾ ಇಲಾಖೆಯ ಅಧಿಕಾರಿಗಳು ಒಪ್ಪಲಿಲ್ಲ. ಕಾಂಟೊರೊವಿಚ್ ಹಸ್ತಪ್ರತಿಯನ್ನು ಪಕ್ಕಕ್ಕಿಟ್ಟು ಶುದ್ಧ ಗಣಿತಕ್ಕೆ ಮರಳಿದರು. ಆ ಗಣಿತಕ್ಕೆ 1949ರಲ್ಲಿ ಸ್ಟಾಲಿನ್ ಪ್ರಶಸ್ತಿಯೇ ಬಂತು! ಅರ್ಥಶಾಸ್ತ್ರದ ಪುಸ್ತಕ ಅಚ್ಚಾದದ್ದು ಮಾತ್ರ 1959ರಲ್ಲಿ, ಸ್ಟಾಲಿನ್ ತೀರಿಕೊಂಡು ಆರು ವರ್ಷಗಳಾದ ಮೇಲೆ. ಎಲ್ಲವನ್ನೂ ಯೋಜನೆಯಿಂದಲೇ ನಡೆಸುತ್ತೇವೆಂದ ದೇಶ, ಯೋಜನೆಗೆ ಬೇಕಾದ ಗಣಿತವನ್ನೇ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ನಡುವೆ ಲೆನಿನ್‌ಗ್ರಾಡ್‌ನ ಒಂದು ರೈಲು ಬೋಗಿ ಕಾರ್ಖಾನೆಯಲ್ಲಿ ಅವರ ವಿಧಾನದಿಂದ ತಗಡು ಕತ್ತರಿಸಿ ನೋಡಿದರು. ಚೂರು ಪಾರು ಬಹಳ ಕಡಿಮೆಯಾಯಿತು. ಆದರೆ ಕಾರ್ಖಾನೆ ಇಂತಿಷ್ಟು ಗುಜರಿ ಕೊಡಬೇಕೆಂದೂ ಸರ್ಕಾರಿ ಗುರಿ ಇತ್ತಂತೆ, ಆ ಗುರಿ ತಪ್ಪಿದ್ದಕ್ಕೆ ಆಡಳಿತದವರು ಬೈಸಿಕೊಂಡರು ಎಂಬ ಕಥೆ ಈ ವಿಷಯದ ಪುಸ್ತಕಗಳಲ್ಲಿ ಓಡಾಡುತ್ತದೆ. ಸರ್ಕಾರಿ ಗುರಿಗಳ ಅನುಭವ ಇರುವ ನಮ್ಮ ಊರಿನ ಹಿರಿಯರಿಗೆ ಇದನ್ನು ನಂಬುವುದು ಕಷ್ಟವಾಗಲಾರದು.

ಇದಾವುದರ ಸುಳಿವೂ ಇಲ್ಲದೆ ಅಮೆರಿಕದಲ್ಲಿ ಇನ್ನೊಬ್ಬರು ಅದೇ ಲೆಕ್ಕಕ್ಕೆ ಬಂದರು. ಜಾರ್ಜ್ ಡಾಂಟ್ಸಿಗ್ ಅಲ್ಲಿನ ವಾಯುಪಡೆಯ ಗಣಿತ ಸಲಹೆಗಾರರು. ತರಬೇತಿ, ಸರಬರಾಜು, ಪಡೆಗಳ ರವಾನೆ ಇವುಗಳ ವೇಳಾಪಟ್ಟಿಗೆ ಸೈನ್ಯದವರು 'ಪ್ರೋಗ್ರಾಂ' ಎನ್ನುತ್ತಿದ್ದರು. ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಹೆಸರು ಬಂದದ್ದು ಹಾಗೆ, ನಾವು ಕಂಪ್ಯೂಟರಿಗೆ ಬರೆಯುವ ಪ್ರೋಗ್ರಾಂನಿಂದ ಅಲ್ಲ. 1947ರಲ್ಲಿ ಡಾಂಟ್ಸಿಗ್ 'ಸಿಂಪ್ಲೆಕ್ಸ್' ವಿಧಾನ ಕೊಟ್ಟರು. ಉತ್ತರ ಯಾವಾಗಲೂ ಒಂದು ಮೂಲೆಯಲ್ಲಿ ಸಿಗುತ್ತದೆ. ಹಾಗಾಗಿ ಒಂದು ಮೂಲೆಯಲ್ಲಿ ನಿಂತು, ಪಕ್ಕದ ಮೂಲೆ ಇದಕ್ಕಿಂತ ಲಾಭದ್ದೇ ಎಂದು ನೋಡಿ, ಹೌದಾದರೆ ಅಲ್ಲಿಗೆ ಹೋಗುವುದು. ಯಾವ ಪಕ್ಕದ ಮೂಲೆಯೂ ಮೇಲಲ್ಲ ಎಂದಾದಾಗ ನಿಲ್ಲುವುದು. ಇದರ ಬೆಲೆ ತಿಳಿಯಬೇಕಾದರೆ 70 ಜನರಿಗೆ 70 ಕೆಲಸ ಹಂಚುವುದನ್ನು ಯೋಚಿಸಿ. ಹಂಚುವ ರೀತಿಗಳ ಸಂಖ್ಯೆ, ಒಂದರ ಮುಂದೆ ನೂರು ಸೊನ್ನೆ ಹಾಕಿದರೆ ಬರುವುದಕ್ಕಿಂತಲೂ ದೊಡ್ಡದು. ಒಂದೊಂದನ್ನೇ ನೋಡುತ್ತಾ ಹೋದರೆ ಯಾವ ಕಂಪ್ಯೂಟರಿಗೂ ಮುಗಿಯದು. ಸಿಂಪ್ಲೆಕ್ಸ್ ಅದನ್ನು ಬೇಗನೆ ಮುಗಿಸುತ್ತದೆ.

ಹೊಸ ವಿಧಾನದ ಪರೀಕ್ಷೆಗೆ ಊಟದ ಲೆಕ್ಕ ಸಿಕ್ಕಿತು. ಒಬ್ಬ ಮನುಷ್ಯನಿಗೆ ಬೇಕಾದ ಒಂಬತ್ತು ಪೋಷಕಾಂಶಗಳನ್ನು 77 ಆಹಾರಗಳಿಂದ ಆದಷ್ಟು ಅಗ್ಗವಾಗಿ ಒದಗಿಸುವುದು ಹೇಗೆ? ಜಾರ್ಜ್ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞರು 1945ರಲ್ಲಿ ಜಾಣ ಅಂದಾಜಿನಿಂದ ವರ್ಷಕ್ಕೆ 39.93 ಡಾಲರ್ ಎಂದಿದ್ದರು. 1947ರಲ್ಲಿ ಒಂಬತ್ತು ಗುಮಾಸ್ತರು ಕೈಯಿಂದ ನಡೆಸುವ ಲೆಕ್ಕದ ಯಂತ್ರ ಹಿಡಿದು ಕೂತು ಸಿಂಪ್ಲೆಕ್ಸ್ ಮಾಡಿದರು. ಒಟ್ಟು 120 ಆಳುದಿನಗಳ ಕೆಲಸ. ಉತ್ತರ 39.69 ಡಾಲರ್. ವ್ಯತ್ಯಾಸ ಬರೀ 24 ಸೆಂಟ್!

ಮುಂದೆ ವೈದ್ಯರು ತೂಕ ಇಳಿಸಲು ಹೇಳಿದಾಗ ಡಾಂಟ್ಸಿಗ್ ತಮ್ಮ ಊಟವನ್ನೂ ಕಂಪ್ಯೂಟರಿಗೆ ಒಪ್ಪಿಸಿದರು. ಹೊಟ್ಟೆ ತುಂಬಿದ ಅನುಭವ ಹೆಚ್ಚಾಗಲಿ, ಕ್ಯಾಲೊರಿ ಮಿತಿಯಲ್ಲಿರಲಿ ಎಂಬುದು ಷರತ್ತು. ಕಂಪ್ಯೂಟರ್ 500 ಗ್ಯಾಲನ್ ವಿನೆಗರ್ ಕುಡಿಯಲು ಹೇಳಿತು. ವಿನೆಗರ್ ತೆಗೆದುಹಾಕಿದರೆ ದಿನಕ್ಕೆ 200 ಸೂಪಿನ ಬಿಲ್ಲೆ ತಿನ್ನಲು ಹೇಳಿತು. ಅಷ್ಟು ಉಪ್ಪು ಯಾರೂ ತಿನ್ನಲಾರರು ಎಂದು ಅದಕ್ಕೆ ಯಾರೂ ತಿಳಿಸಿರಲಿಲ್ಲ. ಕೊನೆಗೆ ಅವರ ಹೆಂಡತಿ ತಾವೇ ಊಟದ ಪಟ್ಟಿ ಮಾಡಿದರು, ಡಾಂಟ್ಸಿಗ್ 22 ಪೌಂಡ್ ಇಳಿದರು. ನನ್ನ ಕೆಲಸದಲ್ಲಿ ಈ ಕಥೆ ಆಗಾಗ ನೆನಪಾಗುತ್ತದೆ. ವಾಹನದ ಯೋಜನೆ ಕೇಳುವವರು ಡೀಸೆಲ್ ಬೆಲೆ, ಕಿಲೋಮೀಟರ್, ತಡವಾದರೆ ದಂಡ ಎಲ್ಲವನ್ನೂ ತಪ್ಪದೆ ಪಟ್ಟಿಯಲ್ಲಿ ಕೊಡುತ್ತಾರೆ. ಚಾಲಕನ ಊಟದ ಹೊತ್ತು ಆ ಪಟ್ಟಿಯಲ್ಲಿ ಇರುವುದು ಅಪರೂಪ. ಅದನ್ನು ಬರೆಯದಿದ್ದರೆ ಲೆಕ್ಕದಲ್ಲಿ ಅವನಿಗೆ ಹಸಿವೇ ಇಲ್ಲ. ಆದ್ದರಿಂದ ನಾನು ಮೊದಲು ಕೇಳುವ ಪ್ರಶ್ನೆ ಅದು. ಕೆಲವರಿಗೆ ಬೇಸರವಾಗುತ್ತದೆ, ಆಗಲಿ.

1975ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಈ ಕೆಲಸಕ್ಕೆ ಬಂತು. ಪಡೆದವರು ಕಾಂಟೊರೊವಿಚ್ ಮತ್ತು ಅಮೆರಿಕದ ಟಿಯಾಲಿಂಗ್ ಕೂಪ್‌ಮನ್ಸ್. ಡಾಂಟ್ಸಿಗ್ ಹೆಸರೇ ಇರಲಿಲ್ಲ. ಇದರಿಂದ ನೊಂದ ಕೂಪ್‌ಮನ್ಸ್ ತಮ್ಮ ಪಾಲಿನಲ್ಲಿ 40,000 ಡಾಲರ್‌ಗಳನ್ನು ಆಸ್ಟ್ರಿಯಾದ ಒಂದು ಸಂಶೋಧನಾ ಸಂಸ್ಥೆಗೆ ಕೊಟ್ಟುಬಿಟ್ಟರು. ಗ್ವಾಲಿಯರ್‌ನಲ್ಲಿ ಹುಟ್ಟಿ, ಮುಂಬಯಿಯ ಐಐಟಿಯಲ್ಲಿ ಓದಿದ ನರೇಂದ್ರ ಕರ್ಮಾರ್ಕರ್ 1984ರಲ್ಲಿ ಮೂಲೆಯಿಂದ ಮೂಲೆಗೆ ಸುತ್ತದೆ ಒಳಗಿನಿಂದಲೇ ಹಾದುಹೋಗುವ ವಿಧಾನ ಕಂಡುಹಿಡಿದು ಜಗತ್ತಿನ ಗಮನ ಸೆಳೆದರು. ಇಂದಿನ ತಂತ್ರಾಂಶಗಳಲ್ಲಿ ಡಾಂಟ್ಸಿಗ್ ಅವರ ವಿಧಾನವೂ ಇದೆ, ಒಳದಾರಿಯ ವಿಧಾನವೂ ಇದೆ.

ಲೀನಿಯರ್ ಪ್ರೋಗ್ರಾಮಿಂಗ್ ಈಗ ದ್ವಿತೀಯ ಪಿಯುಸಿ ಗಣಿತದಲ್ಲಿ ಒಂದು ಅಧ್ಯಾಯ. ಈಗ ಶಾಲೆಯಲ್ಲಿರುವ ಮಕ್ಕಳು ಅಲ್ಲಿಯವರೆಗೆ ಕಾಯಬೇಕಿಲ್ಲ. ನಮ್ಮ ಬಡಗಿಗೆ 18 ದಿನದ ಬದಲು 30 ದಿನ ಇದೆ, ಹಲಗೆ ಮಾತ್ರ 24 ಎಂದಿಟ್ಟುಕೊಳ್ಳಿ. ಅವನು ಏನೇನು ಮಾಡಬೇಕು? ಆಗ ಒಂದು ಹಲಗೆಯ ಬೆಲೆ ಎಷ್ಟು, ಒಂದು ದಿನದ ಬೆಲೆ ಎಷ್ಟು? ಉತ್ತರ ಇಲ್ಲಿ ಬರೆಯುವುದಿಲ್ಲ. ಗ್ರಾಫ್ ಹಾಳೆ ತೆಗೆದುಕೊಳ್ಳಿ, ಸಿಕ್ಕ ಉತ್ತರವನ್ನು ಗಣಿತದ ಮೇಷ್ಟ್ರಿಗೆ ತೋರಿಸಿ.