ಕ್ಷಯರೋಗ ಚಿಕಿತ್ಸೆಯಲ್ಲಿ ಪೌಷ್ಟಿಕ ಆಹಾರ: ಇತ್ತೀಚಿನ ಸಂಶೋಧನೆ ಮತ್ತು ರೋಗಿಗಳಿಗೆ ದೊರೆಯುವ ನೆರವು

ಕ್ಷಯರೋಗದ ಚಿಕಿತ್ಸೆಗೆ ನೋಂದಣಿಯಾದ ರೋಗಿಗಳಿಗೆ ಔಷಧಿಯ ಜೊತೆಗೆ ಪೌಷ್ಟಿಕ ಆಹಾರಕ್ಕಾಗಿ ಸಹಾಯಧನವನ್ನು ನೀಡಲಾಗುತ್ತಿದೆ. ಈ ಸಹಾಯಧನವನ್ನು ಅನೇಕ ಫಲಾನುಭವಿಗಳು ಬಡತನದ ಪರಿಹಾರವೆಂದು ಭಾವಿಸಿ ಮನೆಯ ಇತರ ವೆಚ್ಚಗಳಿಗೆ ಬಳಸುವುದುಂಟು. ಇನ್ನು ಕೆಲವರು ತಾವು ಬಡವರಲ್ಲವೆಂಬ ಕಾರಣದಿಂದ ಬ್ಯಾಂಕ್ ವಿವರಗಳನ್ನೇ ನೀಡುವುದಿಲ್ಲ. ವಾಸ್ತವವಾಗಿ ಆಹಾರವು ಕ್ಷಯರೋಗ ಚಿಕಿತ್ಸೆಯ ಒಂದು ಭಾಗ. ಇದಕ್ಕೆ ಆಧಾರವಾದ ಸಂಶೋಧನೆಗಳನ್ನು ಹಾಗೂ ನೆರವನ್ನು ಪಡೆಯುವ ವಿಧಾನವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಹಿನ್ನೆಲೆ

ಕ್ಷಯರೋಗಕ್ಕೆ ಪರಿಣಾಮಕಾರಿ ಔಷಧಿಗಳು ಬರುವುದಕ್ಕೆ ಮೊದಲು ಸ್ಯಾನಿಟೋರಿಯಂಗಳಲ್ಲಿ ವಿಶ್ರಾಂತಿ, ಶುದ್ಧ ಗಾಳಿ ಮತ್ತು ಒಳ್ಳೆಯ ಊಟ ಇವೇ ಚಿಕಿತ್ಸೆಯಾಗಿದ್ದವು. 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಕ್ಷಯರೋಗ ಔಷಧಿ ಚಿಕಿತ್ಸಾ ಕೇಂದ್ರವು (ಇಂದಿನ ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ) ಈ ಪದ್ಧತಿಯನ್ನು ಪರೀಕ್ಷೆಗೆ ಒಳಪಡಿಸಿತು. ಕೆಲವು ರೋಗಿಗಳಿಗೆ ಸ್ಯಾನಿಟೋರಿಯಂನಲ್ಲಿಯೂ ಇನ್ನು ಕೆಲವರಿಗೆ ಅವರ ಮನೆಗಳಲ್ಲಿಯೂ ಒಂದೇ ಔಷಧಿಗಳನ್ನು ಒಂದು ವರ್ಷ ಕಾಲ ನೀಡಲಾಯಿತು. ಮನೆಯಲ್ಲಿದ್ದವರ ಊಟ ಕಡಿಮೆ ಗುಣಮಟ್ಟದ್ದಾಗಿತ್ತು, ವಾಸದ ಸ್ಥಳ ಇಕ್ಕಟ್ಟಾಗಿತ್ತು. ಆದರೂ ಅವರಲ್ಲಿ ಗುಣವಾದವರ ಪ್ರಮಾಣ ಸ್ಯಾನಿಟೋರಿಯಂನಲ್ಲಿದ್ದವರಿಗಿಂತ ಹೆಚ್ಚು ಭಿನ್ನವಾಗಿರಲಿಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶವು ಇಡೀ ಪ್ರಪಂಚದಲ್ಲಿ ಕ್ಷಯರೋಗ ಚಿಕಿತ್ಸೆಯ ರೀತಿಯನ್ನೇ ಬದಲಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಮನೆಯಲ್ಲಿಯೇ ಚಿಕಿತ್ಸೆ ಎಂಬ ತತ್ವದ ಮೇಲೆ ರಾಷ್ಟ್ರೀಯ ಕಾರ್ಯಕ್ರಮವನ್ನು ರೂಪಿಸಿತು. ಇಂದು ರೋಗಿಯು ತನ್ನ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಔಷಧಿ ಪಡೆಯಲು ಸಾಧ್ಯವಾಗಿರುವುದು ಈ ಅಧ್ಯಯನದಿಂದಲೇ.

ಆದರೆ ಈ ಫಲಿತಾಂಶದಿಂದ ಆಹಾರವು ಮುಖ್ಯವಲ್ಲ ಎಂಬ ಅಭಿಪ್ರಾಯವೂ ಬೇರೂರಿತು. ಅಧ್ಯಯನವು ಹೇಳಿದ್ದು ಅಷ್ಟಲ್ಲ. ಔಷಧಿಯನ್ನು ಕ್ರಮವಾಗಿ ಸೇವಿಸಿದರೆ ಸ್ಯಾನಿಟೋರಿಯಂನ ವಾಸವಿಲ್ಲದೆಯೂ ರೋಗ ಗುಣವಾಗುತ್ತದೆ ಎಂಬುದನ್ನು ಮಾತ್ರ ಅದು ತೋರಿಸಿತ್ತು. ಸ್ಯಾನಿಟೋರಿಯಂನಲ್ಲಿದ್ದವರ ತೂಕ ಮನೆಯಲ್ಲಿದ್ದವರಿಗಿಂತ ಹೆಚ್ಚಾಗಿ ಏರಿದ್ದನ್ನೂ ಅದೇ ವರದಿ ದಾಖಲಿಸಿತ್ತು. ತೀರಾ ಕೃಶರಾಗಿ ಬರುವ ರೋಗಿಗಳ ಗತಿಯೇನು, ಹೊಟ್ಟೆ ತುಂಬ ಊಟವಿಲ್ಲದ ಮನೆಯಲ್ಲಿ ಇತರರಿಗೆ ರೋಗ ಬಾರದಂತೆ ತಡೆಯುವುದು ಹೇಗೆ ಎಂಬ ಪ್ರಶ್ನೆಗಳು ದೀರ್ಘಕಾಲ ಹಾಗೆಯೇ ಉಳಿದವು.

ಜಾರ್ಖಂಡ್‌ನ ಅಧ್ಯಯನ

ಈ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ದೊರೆತದ್ದು 2023ರ ಆಗಸ್ಟ್ ತಿಂಗಳಲ್ಲಿ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ ಹಾಗೂ ಇತರ ಸಂಸ್ಥೆಗಳ ಸಹಯೋಗದಲ್ಲಿ ಜಾರ್ಖಂಡ್ ರಾಜ್ಯದ 4 ಜಿಲ್ಲೆಗಳಲ್ಲಿ ನಡೆಸಿದ ‘ರೇಷನ್ಸ್’ ಎಂಬ ಅಧ್ಯಯನದ ಫಲಿತಾಂಶಗಳು ಲ್ಯಾನ್ಸೆಟ್ ಸಮೂಹದ ಎರಡು ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾದವು. ಇದಕ್ಕೂ ಮೊದಲು, 2013ರಲ್ಲಿ ಇದೇ ವೈದ್ಯರು ಛತ್ತೀಸ್‌ಗಢದ ಗ್ರಾಮೀಣ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, ರೋಗ ಪತ್ತೆಯಾದಾಗ ತೀವ್ರ ಅಪೌಷ್ಟಿಕತೆ ಇದ್ದವರಲ್ಲಿ ಸಾವಿನ ಅಪಾಯವು ಸುಮಾರು ಎರಡು ಪಟ್ಟು ಇದ್ದುದನ್ನು ವರದಿ ಮಾಡಿದ್ದರು.

ಜಾರ್ಖಂಡ್‌ನಲ್ಲಿ 2019ರಿಂದ 2022ರವರೆಗೆ 2,800 ಶ್ವಾಸಕೋಶದ ಕ್ಷಯರೋಗಿಗಳನ್ನೂ ಅವರ ಮನೆಗಳ 10,345 ಸದಸ್ಯರನ್ನೂ ಅಧ್ಯಯನಕ್ಕೆ ಸೇರಿಸಿಕೊಳ್ಳಲಾಯಿತು. ಎಲ್ಲಾ ರೋಗಿಗಳಿಗೂ ಪ್ರತಿ ತಿಂಗಳು ಅಕ್ಕಿ, ಬೇಳೆಕಾಳು, ಹಾಲಿನ ಪುಡಿ ಮತ್ತು ಎಣ್ಣೆ ಇರುವ 10 ಕಿಲೋ ತೂಕದ ಆಹಾರದ ಚೀಲವನ್ನು, ಜೊತೆಗೆ ವಿಟಮಿನ್ ಮಾತ್ರೆಗಳನ್ನು ಕೊಡಲಾಯಿತು. ದಿನಕ್ಕೆ 1,200 ಕಿಲೋ ಕ್ಯಾಲೊರಿ ಹಾಗೂ 52 ಗ್ರಾಂ ಪ್ರೋಟೀನು ಹೆಚ್ಚುವರಿಯಾಗಿ ದೊರೆಯುವಂತೆ ಇದನ್ನು ಲೆಕ್ಕ ಹಾಕಲಾಗಿತ್ತು. ಮನೆಯ ಸದಸ್ಯರ ವಿಷಯದಲ್ಲಿ ಮಾತ್ರ ಎರಡು ಗುಂಪುಗಳಿದ್ದವು. ಒಂದು ಗುಂಪಿನ ಪ್ರತಿಯೊಬ್ಬ ಸದಸ್ಯನಿಗೂ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಹಾಗೂ ವಿಟಮಿನ್ ಮಾತ್ರೆಗಳು ದೊರೆತವು. ಇನ್ನೊಂದು ಗುಂಪಿಗೆ ಹೆಚ್ಚುವರಿ ಆಹಾರ ಇರಲಿಲ್ಲ. ಯಾವ ಪ್ರದೇಶವು ಯಾವ ಗುಂಪಿಗೆ ಸೇರಬೇಕೆಂಬುದನ್ನು ಚೀಟಿ ಎತ್ತುವ ರೀತಿಯಲ್ಲಿ ನಿರ್ಧರಿಸಲಾಗಿತ್ತು.

ಫಲಿತಾಂಶ ಹೀಗಿದೆ. ಹೆಚ್ಚುವರಿ ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯರೋಗ ಬರುವ ಪ್ರಮಾಣವು ಇನ್ನೊಂದು ಗುಂಪಿಗಿಂತ ಶೇ. 39ರಷ್ಟು ಕಡಿಮೆಯಾಯಿತು. ಕಫ ಪರೀಕ್ಷೆಯಲ್ಲಿ ದೃಢಪಟ್ಟ, ಅಂದರೆ ಇತರರಿಗೆ ಹರಡಬಲ್ಲ ಶ್ವಾಸಕೋಶದ ಕ್ಷಯವನ್ನು ಮಾತ್ರ ಪರಿಗಣಿಸಿದರೆ ಇಳಿಕೆಯು ಶೇ. 48. ಸುಮಾರು 30 ಮನೆಗಳಿಗೆ ಆಹಾರ ನೀಡಿದರೆ ಒಂದು ಹೊಸ ಪ್ರಕರಣವನ್ನು ತಡೆಯಬಹುದೆಂದು ಲೆಕ್ಕ ಹಾಕಲಾಗಿದೆ. ಅಕ್ಕಿ ಮತ್ತು ಬೇಳೆಯಿಂದ ಒಂದು ಸಾಂಕ್ರಾಮಿಕ ರೋಗವನ್ನು ಈ ಮಟ್ಟಿಗೆ ತಡೆಯಬಹುದೆಂಬುದು ಸಣ್ಣ ವಿಷಯವಲ್ಲ.

ರೋಗಿಗಳ ವಿಷಯದಲ್ಲಿ ದೊರೆತ ಮಾಹಿತಿಯೂ ಗಮನಾರ್ಹವಾಗಿದೆ. ಚಿಕಿತ್ಸೆ ಆರಂಭಿಸಿದಾಗ ಇವರಲ್ಲಿ ಶೇ. 80ಕ್ಕಿಂತ ಹೆಚ್ಚು ಮಂದಿಯ ತೂಕ ಇರಬೇಕಾದುದಕ್ಕಿಂತ ಕಡಿಮೆ ಇತ್ತು. ಸುಮಾರು ಅರ್ಧದಷ್ಟು ಮಂದಿ ತೀರಾ ಕೃಶರಾಗಿದ್ದರು. ಇಂತಹವರಲ್ಲಿಯೂ ಶೇ. 94ರಷ್ಟು ಮಂದಿಯ ಚಿಕಿತ್ಸೆ ಯಶಸ್ವಿಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕವು ಶೇ. 5ರಷ್ಟು ಹೆಚ್ಚಿದವರಲ್ಲಿ ಸಾವಿನ ಅಪಾಯವು ಶೇ. 61ರಷ್ಟು ಕಡಿಮೆ ಇತ್ತು. 40 ಕಿಲೋ ತೂಕವಿರುವ ರೋಗಿಗೆ ಶೇ. 5 ಎಂದರೆ ಕೇವಲ 2 ಕಿಲೋ.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸುವುದು ಅವಶ್ಯ. ರೋಗಿಗಳೆಲ್ಲರಿಗೂ ಆಹಾರ ನೀಡಲಾಗಿದ್ದ ಕಾರಣ, ಆಹಾರ ಪಡೆಯದ ರೋಗಿಗಳೊಂದಿಗೆ ಹೋಲಿಕೆ ನಡೆದಿಲ್ಲ. ರೋಗದ ತೀವ್ರತೆ ಕಡಿಮೆ ಇದ್ದವರಲ್ಲಿ ತೂಕ ಬೇಗ ಏರಿರುವ ಸಾಧ್ಯತೆಯೂ ಉಂಟು. ಆದುದರಿಂದ ತೂಕದ ಏರಿಕೆಯೊಂದರಿಂದಲೇ ಸಾವು ತಪ್ಪಿತೆಂದು ಹೇಳಲಾಗದು. ಮನೆಯ ಸದಸ್ಯರ ಕುರಿತ ಫಲಿತಾಂಶಕ್ಕೆ ಮಾತ್ರ ಎರಡು ಗುಂಪುಗಳ ಹೋಲಿಕೆಯ ಬಲವಿದೆ. ಆದರೂ ಎರಡು ತಿಂಗಳಾದರೂ ತೂಕ ಏರದ ರೋಗಿಯನ್ನು ವೈದ್ಯರು ವಿಶೇಷವಾಗಿ ಗಮನಿಸಬೇಕೆಂಬುದರಲ್ಲಿ ಸಂದೇಹವಿಲ್ಲ.

ಆಹಾರವು ಔಷಧಿಗೆ ಬದಲಿ ಅಲ್ಲ

ಎಷ್ಟೇ ಪೌಷ್ಟಿಕವಾದ ಊಟ ಮಾಡಿದರೂ ಔಷಧಿಯಿಲ್ಲದೆ ಕ್ಷಯರೋಗ ವಾಸಿಯಾಗುತ್ತದೆಂದು ಭಾವಿಸಬಾರದು. ಸಾಮಾನ್ಯ ಕ್ಷಯರೋಗಕ್ಕೆ ಮೊದಲ 2 ತಿಂಗಳು ನಾಲ್ಕು ಔಷಧಿಗಳನ್ನು ಹಾಗೂ ಮುಂದಿನ 4 ತಿಂಗಳು ಮೂರು ಔಷಧಿಗಳನ್ನು ಪ್ರತಿದಿನವೂ ಸೇವಿಸತಕ್ಕದ್ದು. ಹೊಟ್ಟೆ ತುಂಬ ಊಟ ಮಾಡಿ ತೂಕ ಏರಿದ ರೋಗಿಯು ತನಗೆ ವಾಸಿಯಾಯಿತೆಂದು ಮೂರನೆಯ ತಿಂಗಳಲ್ಲಿಯೇ ಮಾತ್ರೆ ನಿಲ್ಲಿಸುವುದು ಅಪಾಯಕರ. ಇದರಿಂದ ರೋಗ ಮರುಕಳಿಸುತ್ತದೆ. ಔಷಧಿಗೆ ಬಗ್ಗದ ಕ್ಷಯವಾಗಿ ಪರಿಣಮಿಸುವ ಸಂಭವವೂ ಇರುತ್ತದೆ. ಅಂತಹ ಕ್ಷಯಕ್ಕೆ ಹಿಂದೆ ಒಂದೂವರೆ ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಚಿಕಿತ್ಸೆ ಬೇಕಾಗುತ್ತಿತ್ತು. ಬೆಡಾಕ್ವಿಲಿನ್, ಪ್ರೆಟೊಮ್ಯಾನಿಡ್, ಲಿನೆಜೋಲಿಡ್ ಮತ್ತು ಮಾಕ್ಸಿಫ್ಲಾಕ್ಸಾಸಿನ್ ಒಳಗೊಂಡ 6 ತಿಂಗಳ ಚಿಕಿತ್ಸಾ ಕ್ರಮಕ್ಕೆ ಕೇಂದ್ರ ಸರ್ಕಾರವು 2024ರ ಸೆಪ್ಟೆಂಬರ್‌ನಲ್ಲಿ ಅನುಮೋದನೆ ನೀಡಿದೆ. ಈ ಕ್ರಮವು ಯಾರಿಗೆ ಸೂಕ್ತವೆಂಬುದನ್ನು ವೈದ್ಯರೇ ನಿರ್ಧರಿಸುತ್ತಾರೆ.

ಔಷಧಿ ಸೇವನೆಯಿಂದ ಮೂತ್ರವು ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿಪಡುವ ಅಗತ್ಯವಿಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅಥವಾ ದೃಷ್ಟಿ ಮಂಜಾದರೆ ಕೂಡಲೇ ವೈದ್ಯರನ್ನು ಕಾಣತಕ್ಕದ್ದು.

ರೋಗಿಯ ಊಟ

ಕ್ಷಯರೋಗಿಗೆ ಪಥ್ಯದ ಹೆಸರಿನಲ್ಲಿ ಮೊಟ್ಟೆ, ಮೀನು, ಮಾಂಸ, ಕಡಲೆಕಾಯಿ, ಮೊಸರು ಮುಂತಾದವುಗಳನ್ನು ನಿಲ್ಲಿಸಿ ಬರೀ ಗಂಜಿಯ ಮೇಲೆ ಇರಿಸುವ ಪದ್ಧತಿ ಹಲವು ಮನೆಗಳಲ್ಲಿ ಇದೆ. ಇದು ಸರಿಯಲ್ಲ. ದೇಹವು ಕರಗಿರುವ ಸಮಯದಲ್ಲಿ ಹೆಚ್ಚು ಬೇಕಾದ ಪದಾರ್ಥಗಳನ್ನೇ ಇದರಿಂದ ತಪ್ಪಿಸಿದಂತಾಗುತ್ತದೆ. ಮಧುಮೇಹ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರ ಸಲಹೆಯಂತೆ ನಡೆಯಬೇಕು. ಮಿಕ್ಕವರಿಗೆ ಮನೆಯಲ್ಲಿ ಎಲ್ಲರೂ ಉಣ್ಣುವ ಯಾವ ಪದಾರ್ಥವೂ ನಿಷಿದ್ಧವಲ್ಲ. ಮದ್ಯಪಾನ ಮತ್ತು ತಂಬಾಕನ್ನು ಮಾತ್ರ ಸಂಪೂರ್ಣವಾಗಿ ತ್ಯಜಿಸಬೇಕು.

ಬೆಲೆಬಾಳುವ ಪುಡಿ ಹಾಗೂ ಟಾನಿಕ್‌ಗಳ ಅವಶ್ಯಕತೆ ಇರುವುದಿಲ್ಲ. ರಾಗಿ ಮುದ್ದೆ ಅಥವಾ ಜೋಳದ ರೊಟ್ಟಿ, ಅದರ ಜೊತೆಗೆ ಹುರುಳಿ, ಹೆಸರು, ತೊಗರಿ, ಅವರೆ ಇವುಗಳ ಸಾರು ಅಥವಾ ಉಸಲಿ, ಸೊಪ್ಪು, ಕಡಲೆಕಾಯಿ ಚಿಕ್ಕಿ, ಹಾಲು ಇವೇ ಸಾಕು. ಒಂದು ಕೋಳಿ ಮೊಟ್ಟೆಯಲ್ಲಿ, ಒಂದು ಲೋಟ ಹಾಲಿನಲ್ಲಿ ಅಥವಾ ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಸುಮಾರು 6ರಿಂದ 7 ಗ್ರಾಂ ಪ್ರೋಟೀನು ಇರುತ್ತದೆ. ಹಸಿವು ಕಡಿಮೆ ಇರುವ ಮೊದಲ ವಾರಗಳಲ್ಲಿ ಮೂರು ಹೊತ್ತಿನ ಊಟದ ಬದಲು ಸ್ವಲ್ಪ ಸ್ವಲ್ಪವಾಗಿ ಐದಾರು ಬಾರಿ ತಿನ್ನುವುದು ಉತ್ತಮ.

ರೋಗಿಗೆ ಬೇರೆ ತಟ್ಟೆ, ಲೋಟ ಇಡಬೇಕಾಗಿಲ್ಲ. ಕ್ಷಯರೋಗವು ಕೆಮ್ಮಿದಾಗ, ಸೀನಿದಾಗ ಗಾಳಿಯ ಮೂಲಕ ಹರಡುತ್ತದೆಯೇ ಹೊರತು ಪಾತ್ರೆಗಳಿಂದಲ್ಲ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದು, ಕಿಟಕಿಗಳನ್ನು ತೆರೆದಿಡುವುದು ಇವು ನಿಜವಾದ ಮುನ್ನೆಚ್ಚರಿಕೆಗಳು. ಒಟ್ಟಿಗೆ ಕುಳಿತು ಊಟ ಮಾಡುವ ರೋಗಿ ಹೆಚ್ಚು ಉಣ್ಣುತ್ತಾನೆ ಎಂಬುದೂ ಗಮನದಲ್ಲಿರಲಿ.

ನಿಕ್ಷಯ್ ಪೋಷಣ್ ಯೋಜನೆ

ಈ ಯೋಜನೆಯು 2018ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ತಿಂಗಳಿಗೆ 500 ರೂ. ನೀಡಲಾಗುತ್ತಿತ್ತು. ದಿನಾಂಕ 1-11-2024ರಿಂದ ಇದನ್ನು 1,000 ರೂ.ಗಳಿಗೆ ಹೆಚ್ಚಿಸಲಾಗಿದೆ. 6 ತಿಂಗಳ ಚಿಕಿತ್ಸೆಗೆ ತಲಾ 3,000 ರೂ.ಗಳ ಎರಡು ಕಂತುಗಳು: ಮೊದಲನೆಯದು ರೋಗ ಪತ್ತೆಯಾಗಿ ನೋಂದಣಿಯಾದಾಗ, ಎರಡನೆಯದು ಚಿಕಿತ್ಸೆಯ 84 ದಿನಗಳು ಪೂರ್ಣಗೊಂಡ ನಂತರ. ಚಿಕಿತ್ಸೆಯು 6 ತಿಂಗಳು ಮೀರಿದಲ್ಲಿ ನೆರವೂ ಮುಂದುವರಿಯುತ್ತದೆ. ಆದಾಯದ ಮಿತಿ ಇರುವುದಿಲ್ಲ, ಬಿ.ಪಿ.ಎಲ್. ಚೀಟಿ ಬೇಕಾಗಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವವರೂ ಅರ್ಹರು, ಆದರೆ ಆ ಆಸ್ಪತ್ರೆಯು ರೋಗಿಯ ವಿವರವನ್ನು ನಿಕ್ಷಯ್ ವ್ಯವಸ್ಥೆಯಲ್ಲಿ ದಾಖಲಿಸಿರಬೇಕು. 2012ರಿಂದ ಕ್ಷಯರೋಗದ ಪ್ರತಿಯೊಂದು ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡುವುದು ಎಲ್ಲಾ ಆಸ್ಪತ್ರೆಗಳಿಗೂ ಕಡ್ಡಾಯವಾಗಿದೆ.

ಒಂದು ಸಾವಿರ ರೂಪಾಯಿ ಎಂದರೆ ದಿನಕ್ಕೆ ಸುಮಾರು 33 ರೂಪಾಯಿ. ಜಾರ್ಖಂಡ್‌ನಲ್ಲಿ ನೀಡಿದಷ್ಟು ಆಹಾರವನ್ನು ಈ ಮೊತ್ತದಲ್ಲಿ ಪೂರ್ತಿಯಾಗಿ ಕೊಳ್ಳುವುದು ಕಷ್ಟ. ಆದಕಾರಣ ಇದನ್ನು ಮನೆಯ ಊಟಕ್ಕೆ ಸೇರಿಸುವ ಮೊಟ್ಟೆ, ಹಾಲು, ಕಾಳುಗಳಿಗಾಗಿಯೇ ಮೀಸಲಿಡಲು ಕೋರಲಾಗಿದೆ. ತೂಕ ಬಹಳ ಕಡಿಮೆ ಇರುವ ರೋಗಿಗಳಿಗೆ ಮೊದಲ 2 ತಿಂಗಳು ಹೆಚ್ಚು ಶಕ್ತಿ ನೀಡುವ ಪೂರಕ ಆಹಾರವನ್ನೂ ಒದಗಿಸಲು 2024ರಲ್ಲಿ ಕೇಂದ್ರ ಸರ್ಕಾರ ನಿರ್ಧರಿಸಿತು. 2022ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ನಿಕ್ಷಯ್ ಮಿತ್ರ ವ್ಯವಸ್ಥೆಯಡಿ ದಾನಿಗಳು ನೀಡುವ ಆಹಾರದ ಕಿಟ್ ಪಡೆಯಲು ರೋಗಿಯ ಒಪ್ಪಿಗೆ ಬೇಕಾಗುತ್ತದೆ. ಚಿಕಿತ್ಸೆ ಆರಂಭಿಸುವಾಗಲೇ ಒಪ್ಪಿಗೆ ನೀಡಿದರೆ ವಿಳಂಬವಾಗದು.

ನೋಂದಣಿಗೆ ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್ ಪುಸ್ತಕದ ಮೊದಲ ಪುಟದ ಪ್ರತಿ ಹಾಗೂ ಮೊಬೈಲ್ ಸಂಖ್ಯೆಯನ್ನು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೀಡತಕ್ಕದ್ದು. ಖಾತೆ ಇಲ್ಲದವರು ಯಾವುದೇ ಬ್ಯಾಂಕಿನಲ್ಲಿ ಜನಧನ್ ಖಾತೆಯನ್ನು ತೆರೆಯಬಹುದು. ಬಹುಕಾಲ ವ್ಯವಹಾರ ನಡೆಸದ ಖಾತೆಯು ಸ್ಥಗಿತಗೊಂಡಿದ್ದರೆ ಹಣ ಜಮೆಯಾಗದು. ಆದುದರಿಂದ ಖಾತೆಯು ಚಾಲ್ತಿಯಲ್ಲಿದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ತೂಕದ ದಾಖಲೆ ಮತ್ತು ಮನೆಯವರ ತಪಾಸಣೆ

ಪ್ರತಿ ತಿಂಗಳು ಔಷಧಿ ಪಡೆಯಲು ಹೋದಾಗ ತೂಕ ಮಾಡಿಸಿ ಚಿಕಿತ್ಸಾ ಚೀಟಿಯಲ್ಲಿ ಬರೆಸಿಕೊಳ್ಳುವುದು ರೋಗಿಯ ಹಕ್ಕು. ತೂಕವನ್ನು (ಕಿಲೋಗಳಲ್ಲಿ) ಎತ್ತರದ (ಮೀಟರ್‌ಗಳಲ್ಲಿ) ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ 18.5ಕ್ಕಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕ. 16ಕ್ಕಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಉದಾಹರಣೆಗೆ 160 ಸೆಂ.ಮೀ. ಎತ್ತರದ ವ್ಯಕ್ತಿಯ ತೂಕ 47 ಕಿಲೋ ಇದ್ದರೆ ಅದು ಕಡಿಮೆಯೇ. 41 ಕಿಲೋಗಿಂತ ಕೆಳಗಿದ್ದರೆ ಆಸ್ಪತ್ರೆಯಲ್ಲಿ ದಾಖಲಾಗುವ ಅಗತ್ಯವಿದೆಯೇ ಎಂದು ವೈದ್ಯರನ್ನು ಕೇಳಬೇಕು. ಎರಡು ತಿಂಗಳ ನಂತರವೂ ತೂಕ ಏರದಿದ್ದರೆ ಕಫದ ಮರುಪರೀಕ್ಷೆ, ಮಧುಮೇಹ ಮತ್ತು ಎಚ್.ಐ.ವಿ. ಪರೀಕ್ಷೆಗಳ ಬಗ್ಗೆ ವಿಚಾರಿಸತಕ್ಕದ್ದು.

ರೋಗಿಯ ಮನೆಯ ಎಲ್ಲರೂ, ಮುಖ್ಯವಾಗಿ 5 ವರ್ಷದೊಳಗಿನ ಮಕ್ಕಳು, ತಪಾಸಣೆಗೆ ಒಳಗಾಗುವುದು ಅವಶ್ಯ. ರೋಗವಿಲ್ಲವೆಂದು ಖಚಿತವಾದವರಿಗೆ ರೋಗ ಬಾರದಂತೆ ತಡೆಯುವ ಔಷಧಿಯನ್ನು ಉಚಿತವಾಗಿ ನೀಡಲಾಗುತ್ತದೆ. ಆರೋಗ್ಯವಾಗಿರುವವರಿಗೆ ಮಾತ್ರೆ ಏಕೆಂದು ನಿರಾಕರಿಸುವವರು ಬಹಳ. ಜಾರ್ಖಂಡ್‌ನ ಅಧ್ಯಯನದಲ್ಲಿ ರೋಗಕ್ಕೆ ತುತ್ತಾದ ಮನೆಯ ಸದಸ್ಯರೂ ಅಧ್ಯಯನದ ಆರಂಭದಲ್ಲಿ ರೋಗವಿಲ್ಲದವರೇ ಆಗಿದ್ದರು.

ಹೆಚ್ಚಿನ ಮಾಹಿತಿಗಾಗಿ ನಿಕ್ಷಯ್ ಸಂಪರ್ಕ ಉಚಿತ ದೂರವಾಣಿ 1800-11-6666 ಅನ್ನು ಸಂಪರ್ಕಿಸಬಹುದು. ಸಹಾಯಧನದ ಕಂತು ಸಕಾಲದಲ್ಲಿ ಜಮೆಯಾಗದಿದ್ದರೆ ನಿಕ್ಷಯ್ ಗುರುತಿನ ಸಂಖ್ಯೆ ಹಾಗೂ ಪಾಸ್ ಪುಸ್ತಕದೊಂದಿಗೆ ಜಿಲ್ಲಾ ಕ್ಷಯರೋಗ ಕೇಂದ್ರದಲ್ಲಿ ವಿಚಾರಿಸತಕ್ಕದ್ದು. ಹಣ ಬರುವವರೆಗೆ ಔಷಧಿಯನ್ನು ನಿಲ್ಲಿಸಬಾರದು.