ಬಣ್ಣ ಹೋದರೂ ಕೈಬಿಡದ ಗಿಟಾರು

2024ರ ಅಕ್ಟೋಬರ್ 17ರಂದು ಲಂಡನ್ನಿನ ಬಾನಮ್ಸ್ ಸಂಸ್ಥೆ ಹಳೆಯ ಎಲೆಕ್ಟ್ರಿಕ್ ಗಿಟಾರೊಂದನ್ನು ಹರಾಜಿಗಿಟ್ಟಿತು. ಮೈಮೇಲಿನ ಬಣ್ಣ ಬಹುಪಾಲು ಹೋಗಿ ಬರಿಯ ಮರ ಕಾಣುತ್ತಿತ್ತು. ಬಿರಡೆಗಳು ಒಂದೇ ಜೋಡಿಯವಲ್ಲ. ಬಿಡಿಭಾಗಗಳಲ್ಲಿ ಕೆಲವು ಮೂಲದವೂ ಅಲ್ಲ. ಹಳೆಯ ವಾದ್ಯ ಕೊಳ್ಳುವವರ ಲೆಕ್ಕದಲ್ಲಿ ಇವೆಲ್ಲ ಬೆಲೆ ಇಳಿಸುವ ದೋಷಗಳು. ಹಾಗಿದ್ದೂ ಅದು ಮಾರಾಟವಾದದ್ದು 8,89,400 ಪೌಂಡಿಗೆ!

ಅದು ಐರ್ಲೆಂಡಿನ ಬ್ಲೂಸ್-ರಾಕ್ ಸಂಗೀತಗಾರ ರೋರಿ ಗ್ಯಾಲಗರ್‌ನ ಗಿಟಾರು. ಅಮೆರಿಕದ ಫೆಂಡರ್ ಕಂಪೆನಿ 1961ರಲ್ಲಿ ತಯಾರಿಸಿದ ಸ್ಟ್ರ್ಯಾಟೊಕ್ಯಾಸ್ಟರ್. ಹದಿನೈದನೇ ವಯಸ್ಸಿನಲ್ಲಿ ಕೊಂಡ ಆ ವಾದ್ಯವನ್ನು ಆತ ಸಾಯುವವರೆಗೂ ಬಿಡಲಿಲ್ಲ.

ಅದು ಆತನ ಕೈಸೇರಿದ್ದೇ ಒಂದು ತಪ್ಪಿನಿಂದ. ರಾಯಲ್ ಷೋಬ್ಯಾಂಡ್ ಎಂಬ ಜನಪ್ರಿಯ ನೃತ್ಯವಾದ್ಯ ತಂಡದ ಜಿಮ್ ಕಾನ್ಲನ್ ಕೆಂಪು ಬಣ್ಣದ ಗಿಟಾರು ಬೇಕೆಂದು ತರಿಸಿದ್ದ. ಬಂದದ್ದು ಹಳದಿ-ಕಂದು ಛಾಯೆಯ 'ಸನ್‌ಬರ್ಸ್ಟ್'. ಕೆಂಪು ಗಿಟಾರು ಬರುವವರೆಗೆ ಇದನ್ನೇ ನುಡಿಸಿ, ಆಮೇಲೆ ಮಾರಾಟಕ್ಕೆ ಬಿಟ್ಟ. ಹೀಗೆ 1963ರಲ್ಲಿ ಅದು ಕಾರ್ಕ್ ನಗರದ ಕ್ರೌಲಿ ಸಂಗೀತ ಅಂಗಡಿಗೆ ಬಂತು. ಬೆಲೆ 100 ಪೌಂಡು, ಆಗಿನ ವಿನಿಮಯ ದರದಲ್ಲಿ ಸುಮಾರು 1,300 ರೂಪಾಯಿ. ಶಾಲೆಗೆ ಹೋಗುವ ಹುಡುಗನಿಗೆ ಅದು ಸಣ್ಣ ಮೊತ್ತವಲ್ಲ. ಈ ಗಿಟಾರಿದ್ದರೆ ಇಬ್ಬರು ನುಡಿಸುವುದನ್ನು ತಾನೊಬ್ಬನೇ ನುಡಿಸಬಲ್ಲೆ, ತಂಡದಲ್ಲಿ ಇನ್ನೊಬ್ಬ ಗಿಟಾರು ವಾದಕ ಬೇಕಿಲ್ಲ ಎಂದು ತಾಯಿ ಮೋನಿಕಾ ಮುಂದೆ ವಾದ ಹೂಡಿದ. ಕೊನೆಗೆ ಕಂತಿನ ಮೇಲೆ ಕೊಂಡದ್ದಾಯಿತು. ಷೋಬ್ಯಾಂಡುಗಳಲ್ಲಿ ನುಡಿಸಿ ಸಾಲ ತೀರಿಸಬೇಕು. ಐರ್ಲೆಂಡಿಗೆ ಬಂದ ಮೊದಲ ಸ್ಟ್ರ್ಯಾಟೊಕ್ಯಾಸ್ಟರ್ ಅದೇ ಎಂಬ ನಂಬಿಕೆ ಅಲ್ಲಿ ಈಗಲೂ ಇದೆ.

ಕೆಲವೇ ವರ್ಷಗಳಲ್ಲಿ ಅದು ಕೈತಪ್ಪಿಯೂ ಹೋಗಿತ್ತು. ಡಬ್ಲಿನ್‌ನಲ್ಲಿ ತಂಡದ ವ್ಯಾನಿನಿಂದ ಕಳ್ಳರು ಅದನ್ನು ಎತ್ತಿಕೊಂಡು ಹೋದರು. ಅಪರಾಧ ಸುದ್ದಿಗಳ ಟಿ.ವಿ. ಕಾರ್ಯಕ್ರಮದಲ್ಲಿ ಅದರ ವಿವರ ಪ್ರಸಾರವಾಯಿತು. ಬಹುಶಃ ಹೆದರಿದ ಕಳ್ಳರು ಅದನ್ನು ಬಿಸಾಡಿ ಹೋಗಿರಬೇಕು; ಕೆಲವು ದಿನಗಳ ನಂತರ ಗಿಟಾರು ಹಳ್ಳವೊಂದರಲ್ಲಿ, ಮಳೆಯಲ್ಲಿ ನೆನೆದು ಗೀರು ಬಿದ್ದ ಸ್ಥಿತಿಯಲ್ಲಿ ಸಿಕ್ಕಿತು. ಇನ್ನೆಂದೂ ಇದನ್ನು ಮಾರುವುದಿಲ್ಲ ಎಂದು ರೋರಿ ಅಂದು ನಿಶ್ಚಯಿಸಿದ.

ಇಟ್ಟುಕೊಳ್ಳುವುದೆಂದರೆ ಕಪಾಟಿನಲ್ಲಿಟ್ಟು ಪೂಜಿಸುವುದಲ್ಲವಲ್ಲ. ವೇದಿಕೆಯ ಮೇಲೆ ಬೆವರು ಧಾರೆಯಾಗಿ ಸುರಿಸುತ್ತ ಗಂಟೆಗಟ್ಟಲೆ ನುಡಿಸುತ್ತಿದ್ದ ರೋರಿ. ಆ ಉಪ್ಪು ಬೆವರಿಗೆ ಪಾಲಿಷ್ ಎದ್ದುಹೋಯಿತು. ಬೆವರು ಕುಡಿದು ದಂಡಿ ಒಮ್ಮೆ ಬಾಗಿಯೇಬಿಟ್ಟಿತು. ಅದನ್ನು ಬಿಚ್ಚಿ, ಒಣಗಲು ಬಿಟ್ಟು, ಸರಿಯಾದ ಮೇಲೆ ಮತ್ತೆ ಅದನ್ನೇ ಕೂರಿಸಿದರು. ಲೋಹದ ಮೆಟ್ಟಿಲುಗಳು ಸವೆದಾಗಲೆಲ್ಲ ಬದಲಾದವು. ಹನ್ನೆರಡನೇ ಮೆಟ್ಟಿಲಿನ ಗುರುತಿನ ಚುಕ್ಕೆಯೊಂದು ಉದುರಿದಾಗ ಆ ಜಾಗಕ್ಕೆ ಬಿಳಿ ಪ್ಲಾಸ್ಟಿಕ್ ಚುಕ್ಕೆ ಬಂತು. ಟೋನ್ ಗುಬ್ಬಿಗಳಲ್ಲಿ ಒಂದನ್ನು ಸುಮ್ಮನಾಗಿಸಿ, ಇನ್ನೊಂದರಿಂದಲೇ ಎಲ್ಲವನ್ನೂ ಹತೋಟಿ ಮಾಡುವಂತೆ ತಂತಿ ಜೋಡಣೆ ಬದಲಿಸಿಕೊಂಡ. ಆದರೆ ಹೊಸ ಬಣ್ಣ ಮಾತ್ರ ಬಳಿಸಲಿಲ್ಲ.

ಇಷ್ಟೆಲ್ಲ ಬಿಚ್ಚಿ ಜೋಡಿಸಲು ಸಾಧ್ಯವಾದದ್ದು ಆ ಗಿಟಾರಿನ ರಚನೆಯಿಂದ. ವೀಣೆಯಲ್ಲಿ ತಂತಿಯ ನಾದವನ್ನು ಟೊಳ್ಳಾದ ಕೊಡ ಹಿಗ್ಗಿಸುತ್ತದೆ. ಸ್ಟ್ರ್ಯಾಟೊಕ್ಯಾಸ್ಟರಿನ ಮೈ ಗಟ್ಟಿ ಹಲಗೆ. ಅದರ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತಗಳಿದ್ದು, ಅವುಗಳ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಇದೇ ಪಿಕಪ್. ಮೇಲಿನ ತಂತಿ ಕಂಪಿಸಿದರೆ ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟಿ, ಆಂಪ್ಲಿಫೈಯರಿನಲ್ಲಿ ದೊಡ್ಡದಾಗಿ ಕೇಳುತ್ತದೆ. 1954ರಲ್ಲಿ ಈ ಮಾದರಿಯನ್ನು ಮಾರುಕಟ್ಟೆಗೆ ತಂದ ಲಿಯೋ ಫೆಂಡರ್ ರೇಡಿಯೋ ರಿಪೇರಿ ಮಾಡುತ್ತಿದ್ದವನು. ವಿಚಿತ್ರವೆಂದರೆ ಆತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ! ಕೆಟ್ಟದ್ದನ್ನು ಸುಲಭವಾಗಿ ಬದಲಿಸುವಂತಿರಬೇಕೆಂಬುದು ಆತನ ರಿಪೇರಿಯವನ ಬುದ್ಧಿ. ದಂಡಿಗೆ ಅಂಟಿಲ್ಲ, ನಾಲ್ಕು ತಿರುಪುಗಳಷ್ಟೇ. ಪಿಕಪ್ಪು, ಗುಬ್ಬಿಗಳೆಲ್ಲ ಒಂದೇ ಪ್ಲಾಸ್ಟಿಕ್ ಫಲಕದ ಮೇಲೆ. ಸ್ಕ್ರೂಡ್ರೈವರ್ ಒಂದಿದ್ದರೆ ಮುಕ್ಕಾಲು ಕೆಲಸ ಆದಂತೆಯೇ.

ಇಂಥ ಬದಲಾವಣೆಯ ಮೋಹ ರೋರಿ ಒಬ್ಬನದೇ ಅಲ್ಲ. ಎರಿಕ್ ಕ್ಲಾಪ್ಟನ್ ಮೂರು ಹಳೆಯ ಗಿಟಾರುಗಳ ಭಾಗಗಳನ್ನು ಸೇರಿಸಿ 'ಬ್ಲ್ಯಾಕಿ' ಮಾಡಿಕೊಂಡಿದ್ದ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮರ್ ತನ್ನ ಕಪ್ಪು ಗಿಟಾರಿನ ಭಾಗಗಳನ್ನು ಎಷ್ಟೋ ಸಲ ಬದಲಿಸಿದ್ದ. ಇಬ್ಬರೂ ಮುಂದೆ ಅವನ್ನು ಹರಾಜು ಹಾಕಿ ಸತ್ಕಾರ್ಯಕ್ಕೆ ಹಣ ಕೊಟ್ಟರು, ಒಳ್ಳೆಯದೇ. ರೋರಿ ಮಾತ್ರ ಆ ದಾರಿ ಹಿಡಿಯಲಿಲ್ಲ. ಗಲಭೆಯ ಭಯಕ್ಕೆ ಹೊರಗಿನ ತಂಡಗಳು ಬೆಲ್‌ಫಾಸ್ಟ್ ನಗರಕ್ಕೆ ಬರಲು ಹಿಂಜರಿಯುತ್ತಿದ್ದ 1970ರ ದಶಕದಲ್ಲೂ ಆತ ಅದೇ ಬಣ್ಣಗೆಟ್ಟ ಗಿಟಾರು ಹೊತ್ತು ಅಲ್ಲಿಗೆ ಹೋಗಿ ನುಡಿಸುತ್ತಿದ್ದ. ಆ ನಗರದವರು ಅದನ್ನು ಮರೆತಿಲ್ಲ.

1995ರ ಜೂನ್ 14ರಂದು ರೋರಿ ತೀರಿಕೊಂಡ. ವಯಸ್ಸು 47. ಎರಡು ವರ್ಷಗಳ ನಂತರ ಫೆಂಡರ್ ಕಂಪೆನಿ ಆ ಗಿಟಾರಿನ ಪ್ರತಿಕೃತಿಗಳನ್ನು ತಯಾರಿಸಿತು. ಹೊಸ ಮರಕ್ಕೆ ಬಣ್ಣ ಬಳಿದು, ರೋರಿಯ ಬೆವರು ಕಿತ್ತಲ್ಲೆಲ್ಲ ಕೈಯಾರೆ ಕಿತ್ತು ತೆಗೆಯಬೇಕಾಯಿತು! ಮೂವತ್ತು ವರ್ಷದ ದುಡಿಮೆಯ ಗುರುತನ್ನು ಕಾರ್ಖಾನೆಯಲ್ಲಿ ಕೆಲವೇ ದಿನಗಳಲ್ಲಿ ಮೂಡಿಸುವ ಈ ವ್ಯಾಪಾರ ನಗು ತರಿಸಬಹುದು. ಕೊಳ್ಳುವವರು ಮಾತ್ರ ಇದ್ದೇ ಇದ್ದರು.

ಅಸಲಿ ಗಿಟಾರು ತಮ್ಮ ಡೋನಲ್‌ನ ಬಳಿ ಸುಮಾರು ಮೂರು ದಶಕ ಇತ್ತು. ಆತ ಹರಾಜಿಗೆ ಮನಸ್ಸು ಮಾಡಿದಾಗ, ಅದು ಐರ್ಲೆಂಡ್ ಬಿಟ್ಟು ಹೋಗಬಾರದೆಂಬ ಕೂಗು ಅಲ್ಲಿ ಎದ್ದಿತು. ಕೊನೆಗೆ ಕೊಂಡದ್ದು ಐರ್ಲೆಂಡಿನದೇ ಸಂಗೀತ ಕಾರ್ಯಕ್ರಮಗಳ ಆಯೋಜನಾ ಸಂಸ್ಥೆ, ಲೈವ್ ನೇಷನ್ ಗೇಯ್ಟಿ ಪ್ರೊಡಕ್ಷನ್ಸ್. ಕಂತಿನ ಸಾಲದ ಆ ಗಿಟಾರನ್ನು ಅದು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ದಾನ ಕೊಟ್ಟಿತು, ಬಿಳಿ ಪ್ಲಾಸ್ಟಿಕ್ ಚುಕ್ಕೆಯೂ ಸೇರಿದಂತೆ.